ಬಿಸಿನೀರಿಗೆ ಹೀಟ್ ಪಂಪ್: ಹಾಕಿದ ದುಡ್ಡು ನಿಜವಾಗಲೂ ವಾಪಸ್ ಬರುತ್ತದಾ?

ಬೆಳಗಿನಬಿಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಗೀಸರ್ ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿದು ನೀರು ಜಿನುಗಲು ಶುರುವಾಗಿದೆ. ಹನ್ನೊಂದು ವರ್ಷ ದುಡಿದಿದೆ. ಇನ್ನೊಂದು ತಿಂಗಳು ತಳ್ಳಬಹುದು, ರಿಪೇರಿಗೆ ದುಡ್ಡು ಹಾಕಬೇಡಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಹೇಗೂ ಹೊಸದು ತರಬೇಕು, ಹೀಟ್ ಪಂಪನ್ನೇ ತಂದುಬಿಡೋಣವಾ ಎಂದು ಎರಡು ವಾರದಿಂದ ಯೋಚಿಸುತ್ತಿದ್ದೇನೆ.

ಮನೆಯಲ್ಲಿ ಐದು ಜನ. ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮತ್ತೆ. ಅತ್ತೆಗೆ ಮಂಡಿನೋವು, ಬೆಳಗ್ಗೆ ಅಲ್ಲದೆ ಸಂಜೆಗೂ ಬಿಸಿನೀರು ಬೇಕೇ ಬೇಕು. 200 ಲೀಟರಿನ ಹೀಟ್ ಪಂಪಿಗೆ ಹೇಳಿದ ಬೆಲೆ ಸಾದಾ ಗೀಸರಿನ ಹತ್ತಿರ ಹತ್ತಿರ ನಾಲ್ಕು ಪಟ್ಟು ಇದೆ. ಮಾರುವವರು ಕೇಳಿದಾಗಲೆಲ್ಲ "ಶೇಕಡಾ 75 ಉಳಿತಾಯ" ಎನ್ನುತ್ತಾರೆ, ಯಾವುದರಲ್ಲಿ 75 ಎಂದರೆ ಸರಿಯಾದ ಉತ್ತರ ಸಿಗುವುದಿಲ್ಲ. ಬಳಸಿದವರು ಯಾರಾದರೂ ಇದ್ದರೆ ನಿಜವಾದ ಲೆಕ್ಕ ಹೇಳಿ. ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಬರುತ್ತದೆ? ಆಮೇಲೆ ರಿಪೇರಿ ಖರ್ಚು ಎಲ್ಲವನ್ನೂ ತಿಂದುಹಾಕುತ್ತದಾ? ಚಳಿಯಲ್ಲಿ ಕೆಲಸ ಮಾಡುತ್ತದಾ? ನನಗೆ ಈ ಯಂತ್ರದ ಒಳಗಿನ ವಿಷಯ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಯೂನಿಟ್‌ಲೆಕ್ಕ:

75 ಎನ್ನುವುದು ಸುಳ್ಳಲ್ಲ. ಆದರೆ ಅದು ಇಡೀ ಬಿಲ್ಲಿನ ಮೇಲಲ್ಲ, ಬಿಸಿನೀರಿಗೆ ಹೋಗುವ ಪಾಲಿನ ಮೇಲೆ ಮಾತ್ರ. ಅದೂ ಸಿಒಪಿ 4 ಬಂದ ದಿನ.

ಸಿಒಪಿ ಅಂದರೆ ಇಷ್ಟೇ. ಒಂದು ಯೂನಿಟ್ ಕರೆಂಟ್ ಕೊಟ್ಟರೆ ಯಂತ್ರ ಎಷ್ಟು ಯೂನಿಟ್ ಶಾಖವನ್ನು ನೀರಿಗೆ ಸೇರಿಸುತ್ತದೆ ಎನ್ನುವ ಅಂಕಿ. ಫ್ರಿಜ್ ಹಿಂದೆ ಕೈ ಇಟ್ಟರೆ ಬಿಸಿ ತಾಗುತ್ತದೆ ಅಲ್ವಾ? ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದೇ ಫ್ರಿಜ್ ಮಾಡುವ ಕೆಲಸ. ಹೀಟ್ ಪಂಪೂ ಅದನ್ನೇ ಮಾಡುತ್ತದೆ, ಆದರೆ ಸುತ್ತಲಿನ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಹಾಕುತ್ತದೆ. ಕರೆಂಟ್ ಖರ್ಚಾಗುವುದು ಆ ಎತ್ತುವ ಕೆಲಸಕ್ಕೆ, ಶಾಖ ಹುಟ್ಟಿಸುವುದಕ್ಕಲ್ಲ. ಸಾದಾ ಗೀಸರಿನಲ್ಲಿ ಕಾಯಿಲ್ ಒಂದು ಯೂನಿಟ್ ತಿಂದು ಒಂದೇ ಯೂನಿಟ್ ಶಾಖ ಕೊಡುತ್ತದೆ, ಎಷ್ಟು ಒಳ್ಳೆಯ ಗೀಸರ್ ತಂದರೂ ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಎತ್ತಬೇಕಾದ ಎತ್ತರ ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಬೇಕು. 20 ಡಿಗ್ರಿ ಗಾಳಿಯಿಂದ 55 ಡಿಗ್ರಿ ನೀರಿಗೆ ಶಾಖ ಎತ್ತುವಾಗ ಭೌತವಿಜ್ಞಾನದ ಪ್ರಕಾರ ಸಿಗಬಹುದಾದ ಗರಿಷ್ಠ ಸಿಒಪಿ ಸುಮಾರು 9.4. ಮನೆಯ ಯಂತ್ರಗಳು ಅದರ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಇರುತ್ತವೆ, ಅಂದರೆ 3 ಅಥವಾ ಸ್ವಲ್ಪ ಮೇಲೆ. ಗಾಳಿ ತಣ್ಣಗಾದರೆ, ನೀರು ಜಾಸ್ತಿ ಬಿಸಿ ಬೇಕೆಂದರೆ, ಇದು ಇಳಿಯುತ್ತದೆ. ಕ್ಯಾಟಲಾಗಿನಲ್ಲಿ ಸಿಒಪಿ ಬರೆದ ಜಾಗದಲ್ಲಿ ಎಷ್ಟು ಡಿಗ್ರಿ ಗಾಳಿಯಲ್ಲಿ ಅಳೆದದ್ದು ಎಂದು ಮೊದಲು ಹುಡುಕಿ. 7 ಡಿಗ್ರಿಯಲ್ಲಿ ಬಂದ 3, 20 ಡಿಗ್ರಿಯಲ್ಲಿ ಬಂದ 3.5ಕ್ಕಿಂತ ಒಳ್ಳೆಯದು. ಇಎನ್ 16147 (ಯುರೋಪಿನ ಪರೀಕ್ಷಾ ಮಾನದಂಡ) ಪ್ರಕಾರ ಎಂದು ಬರೆದಿದ್ದರೆ ಇನ್ನೂ ನಂಬಬಹುದು, ಆ ಪರೀಕ್ಷೆಯಲ್ಲಿ ದಿನವಿಡೀ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಅಳೆಯುತ್ತಾರೆ, ಟ್ಯಾಂಕಿನಿಂದ ಸುಮ್ನೆ ಆರಿಹೋಗುವ ಶಾಖವೂ ಲೆಕ್ಕಕ್ಕೆ ಬರುತ್ತದೆ.

ಈಗ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್ ಅವರ್ ಬೇಕು (ಸಾವಿರ ವ್ಯಾಟ್ ಅವರ್ ಅಂದರೆ ಒಂದು ಯೂನಿಟ್). ಇದು ಎಲ್ಲ ಊರಿನಲ್ಲೂ ಒಂದೇ. 200 ಲೀಟರನ್ನು 30 ಡಿಗ್ರಿ ಏರಿಸಲು ಸುಮಾರು 7 ಯೂನಿಟ್. ಸಿಒಪಿ 3 ಇದ್ದರೆ 2.3 ಯೂನಿಟ್ ಸಾಕು. ದಿನಕ್ಕೆ 4.7 ಉಳಿಯಿತು, ವರ್ಷಕ್ಕೆ ಸುಮಾರು 1,700.

ದುಡ್ಡಿನಲ್ಲಿ ಲೆಕ್ಕ ಹಾಕಬೇಡಿ, ಯೂನಿಟ್ಟಿನಲ್ಲಿ ಹಾಕಿ. ಹೀಟ್ ಪಂಪಿನ ಬೆಲೆಯಿಂದ ಸಾದಾ ಗೀಸರಿನ ಬೆಲೆ ಕಳೆಯಿರಿ (ಅದನ್ನು ಹೇಗೂ ಕೊಡಲೇಬೇಕಿತ್ತು). ಉಳಿದದ್ದನ್ನು ನಿಮ್ಮ ಒಂದು ಯೂನಿಟ್ ದರದಿಂದ ಭಾಗಿಸಿ. ಸ್ಲ್ಯಾಬ್ ಲೆಕ್ಕದ ಬಿಲ್ ಆಗಿದ್ದರೆ ಸರಾಸರಿ ದರ ಬೇಡ, ನೀವು ಮುಟ್ಟುವ ಕೊನೆಯ ಸ್ಲ್ಯಾಬಿನ ದರ ಹಾಕಿ, ಏಕೆಂದರೆ ಉಳಿತಾಯ ಆಗುವುದು ಮೇಲಿನಿಂದ. ಬಂದ ಉತ್ತರ 8,000 ಯೂನಿಟ್ ಎಂದುಕೊಳ್ಳಿ. ವರ್ಷಕ್ಕೆ 1,700 ಉಳಿದರೆ ಐದು ವರ್ಷದೊಳಗೆ ಮುಗಿಯಿತು. ಈ ಯಂತ್ರಗಳು ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತವೆ, ಉಳಿದ ವರ್ಷಗಳದ್ದು ನಿಮ್ಮದು.

ಆದರೆ ಆ 200 ಲೀಟರ್ ಎನ್ನುವುದು ನಾನು ಹಾಕಿದ ಅಂಕಿ. ನಿಮ್ಮದು ಎಷ್ಟು ಎಂದು ನಿಮ್ಮ ಮೀಟರ್ ಮಾತ್ರ ಹೇಳಬೇಕು. ಒಂದು ವಾರ ಅಳೆಯಿರಿ. ಮನೆಯ ಬೇರೆ ದೊಡ್ಡ ಉಪಕರಣಗಳನ್ನು ಆರಿಸಿ, ಗೀಸರ್ ಹಾಕುವ ಮುಂಚೆ ಒಂದು ರೀಡಿಂಗ್, ಕಟ್ ಆದ ಮೇಲೆ ಒಂದು ರೀಡಿಂಗ್. ಅದಾಗದೇ ಯಾವುದೇ ಮಾರಾಟಗಾರನ ಮಾತಿಗೂ ನನ್ನ ಮಾತಿಗೂ ದುಡ್ಡು ಕೊಡಬೇಡಿ.

ಇಬ್ಬರಮನೆ:

ನಾನು ಇದೇ ಲೆಕ್ಕ ಹಾಕಿ ಬೇಡ ಎಂದವನು, ಅದನ್ನೂ ಕೇಳಿ. ನಾವು ಇಬ್ಬರೇ. ದಿನಕ್ಕೆ 70 ಲೀಟರ್, 25 ಡಿಗ್ರಿ ಏರಿಕೆ, ಬರುವುದು 2 ಯೂನಿಟ್. ಹೀಟ್ ಪಂಪ್ ದೊಡ್ಡ ಟ್ಯಾಂಕಿನದು, ಸುಮ್ನೆ ನಿಂತಿದ್ದರೂ ದಿನಕ್ಕೆ ಒಂದು ಯೂನಿಟ್ಟಿನಷ್ಟು ಶಾಖ ಆರಿಹೋಗುತ್ತದೆ. ಅದನ್ನೂ ಸೇರಿಸಿದರೆ ನಮಗೆ ಉಳಿಯುವುದು ದಿನಕ್ಕೆ ಒಂದೇ ಒಂದು ಯೂನಿಟ್ ಚಿಲ್ಲರೆ, ವರ್ಷಕ್ಕೆ 400ರ ಹತ್ತಿರ. ಮೇಲಿನವರ 8,000ವನ್ನು ಅದರಿಂದ ಭಾಗಿಸಿದರೆ 20 ವರ್ಷ. ಯಂತ್ರವೇ ಅಷ್ಟು ವರ್ಷ ಇರುವುದಿಲ್ಲ. ಸಣ್ಣ ಗೀಸರ್ ತಂದು ಟೈಮರ್ ಹಾಕಿಕೊಂಡೆವು, ನೆಮ್ಮದಿಯಾಗಿದ್ದೇವೆ.

ಇನ್ನೊಂದು. ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದು ಮಧ್ಯಾಹ್ನದ ಕರೆಂಟ್ ಮಿಗುತ್ತಿದ್ದರೆ ಲೆಕ್ಕವೇ ಬೇರೆ. ಆಗ ಒಂದು ಯೂನಿಟ್ಟಿನ ಬೆಲೆ ಬಿಲ್ಲಿನ ದರವಲ್ಲ, ಹೊರಗೆ ಮಾರಿದರೆ ನಿಮಗೆ ಸಿಗುವ ದರ. ಆ ದರ ತೀರಾ ಕಡಿಮೆ ಇರುವ ಕಡೆ ಸಾದಾ ಗೀಸರನ್ನೇ ಮಧ್ಯಾಹ್ನ ಓಡಿಸಿದರೂ ನಡೆಯುತ್ತದೆ.

ಗ್ಯಾಸ್ ಗೀಸರ್ ಇರುವವರು ಕೇಳುತ್ತಾರೆ, ಅದಕ್ಕೂ ಹೇಳಿಬಿಡುತ್ತೇನೆ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್ ಶಾಖ ಇದೆ. ಹೊಗೆಯಲ್ಲಿ ಹೋದದ್ದು ಕಳೆದು ನೀರಿಗೆ 10 ಸೇರುತ್ತದೆ ಎಂದುಕೊಂಡರೆ, ಹೀಟ್ ಪಂಪ್ ಅಷ್ಟೇ ಕೆಲಸವನ್ನು ಮೂರೂಕಾಲರಿಂದ ಮೂರೂವರೆ ಯೂನಿಟ್ಟಿನಲ್ಲಿ ಮಾಡುತ್ತದೆ. ಒಂದು ಕೆಜಿ ಗ್ಯಾಸಿನ ಬೆಲೆ, ಮೂರೂವರೆ ಯೂನಿಟ್ ಕರೆಂಟಿನ ಬೆಲೆ, ಎರಡನ್ನೂ ಪಕ್ಕಪಕ್ಕ ಬರೆದುಕೊಂಡು ನೋಡಿ.

ತಣ್ಣನೆಗಾಳಿ:

ಆರು ವರ್ಷದಿಂದ ಬಳಸುತ್ತಿದ್ದೇನೆ. ನಾಲ್ಕು ಜನ, 200 ಲೀಟರ್ ಟ್ಯಾಂಕ್. ನನಗೆ ಇದು ತುಂಬಾ ಇಷ್ಟವಾದ ಯಂತ್ರ, ಆದರೆ ಮೊದಲ ಎರಡು ತಿಂಗಳು ಮೋಸ ಹೋದೆ ಎಂದೇ ಅನ್ನಿಸಿತ್ತು. ಯಾಕೆ ಎಂದು ಹೇಳಬೇಕು, ನೀವು ಆ ತಪ್ಪು ಮಾಡಬಾರದು.

ಎಲ್ಲ ಹೀಟ್ ಪಂಪಿನ ಟ್ಯಾಂಕಿನ ಒಳಗೂ ಸಾಮಾನ್ಯವಾಗಿ ಒಂದು ಸಾದಾ ಕಾಯಿಲ್ ಕೂಡ ಇರುತ್ತದೆ, ನೀರು ಬೇಗ ಬೇಕಾದಾಗ ಸಹಾಯಕ್ಕೆ. ನಮ್ಮದರಲ್ಲಿ ಹಾಕಿಕೊಟ್ಟವರು "ಆಟೋ" ಮೋಡಿನಲ್ಲಿ ಬಿಟ್ಟು ಹೋಗಿದ್ದರು. ಬೆಳಗ್ಗೆ ಇಬ್ಬರು ಸ್ನಾನ ಮಾಡಿದ ಕೂಡಲೇ ಟ್ಯಾಂಕ್ ತಣ್ಣಗಾಯಿತು ಎಂದು ಅದು ತಾನಾಗಿ ಕಾಯಿಲ್ ಹಾಕಿಕೊಳ್ಳುತ್ತಿತ್ತು. ಸಬ್ ಮೀಟರಿನಲ್ಲಿ ದಿನಕ್ಕೆ 5 ಯೂನಿಟ್. ಹಳೆಯ ಗೀಸರಿಗಿಂತ ಅಂಥ ವ್ಯತ್ಯಾಸವೇ ಇರಲಿಲ್ಲ. ಒಂದು ದಿನ ಕೂತು ಸೂಚನೆಯ ಪುಸ್ತಕ ಪೂರ್ತಿ ಓದಿದೆ, "ಇಕೋ" ಮೋಡಿಗೆ (ಕಾಯಿಲ್ ಹಾಕದೆ ಕಂಪ್ರೆಸರಿನಲ್ಲೇ ಕಾಯಿಸುವುದು) ಹಾಕಿದೆ, ಟೈಮರನ್ನು ಮಧ್ಯಾಹ್ನ ಹನ್ನೊಂದಕ್ಕೆ ಇಟ್ಟೆ. ಆ ಹೊತ್ತಿಗೆ ಗಾಳಿಯೂ ಬೆಚ್ಚಗಿರುತ್ತದೆ, ಸಿಒಪಿ ಚೆನ್ನಾಗಿ ಬರುತ್ತದೆ. ಮರುದಿನದಿಂದ 2.4 ಯೂನಿಟ್. ಅದೇ ಯಂತ್ರ, ಅದೇ ನೀರು.

ಇದಕ್ಕೆ ಅವಸರ ಆಗುವುದಿಲ್ಲ ಎನ್ನುವುದನ್ನು ಮನೆಯವರೆಲ್ಲ ಒಪ್ಪಿಕೊಳ್ಳಬೇಕು. ಕಂಪ್ರೆಸರ್ ಅರ್ಧ ಕಿಲೋವ್ಯಾಟ್ ತಿಂದು ಒಂದೂವರೆ ಕಿಲೋವ್ಯಾಟ್ ಶಾಖ ಕೊಡುತ್ತದೆ, ಪೂರ್ತಿ ತಣ್ಣಗಿರುವ 200 ಲೀಟರ್ ಕಾಯಲು ನಾಲ್ಕೂವರೆ ಐದು ಗಂಟೆ ಬೇಕು. ನೆಂಟರು ಬಂದ ದಿನ ಮಾತ್ರ ನಾನೇ ಕೈಯಾರೆ ಕಾಯಿಲ್ ಹಾಕುತ್ತೇನೆ.

ಎರಡನೆಯದು ಜಾಗ. ನಾವು ಸಾಮಾನು ಇಡುವ ಸಣ್ಣ ಕೋಣೆಯಲ್ಲಿ ಇಟ್ಟೆವು, ಬಾಗಿಲು ಮುಚ್ಚಿದ್ದೆವು. ಯಂತ್ರ ಗಾಳಿಯ ಶಾಖ ಎಳೆದುಕೊಂಡು ತಣ್ಣನೆಯ ಗಾಳಿ ಬಿಡುತ್ತದೆ, ಅದೇ ತಣ್ಣನೆಯ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಕೋಣೆಗೆ ಹೋದರೆ ಮೈ ಜುಮ್ಮೆನ್ನುವಷ್ಟು ಚಳಿ, ಗೋಡೆಯಲ್ಲಿ ತೇವ. ಬಡಗಿಯನ್ನು ಕರೆಸಿ ಬಾಗಿಲಿನ ಮೇಲೂ ಕೆಳಗೂ ಜಾಲರಿ ಹಾಕಿಸಿದೆ, ಸರಿಹೋಯಿತು. ಈಗ ಬೇಸಿಗೆಯಲ್ಲಿ ಆ ಕೋಣೆ ತಂಪಾಗಿರುತ್ತದೆ, ಅದು ಲಾಭವೇ. ಆದರೆ ಚಳಿ ಜಾಗದಲ್ಲಿ, ಹೀಟರ್ ಹಾಕಿ ಬೆಚ್ಚಗೆ ಮಾಡಿದ ಕೋಣೆಯೊಳಗೆ ಇದನ್ನು ಇಡಬೇಡಿ. ನೀವು ದುಡ್ಡು ಕೊಟ್ಟು ಮಾಡಿದ ಶಾಖವನ್ನೇ ಅದು ಎತ್ತಿಕೊಳ್ಳುತ್ತದೆ, ಅಷ್ಟರಮಟ್ಟಿಗೆ ಉಳಿತಾಯ ಹೋಗುತ್ತದೆ. ಚಳಿಯಲ್ಲಿ ಕೆಲಸ ಮಾಡುತ್ತದಾ ಎಂದು ಕೇಳಿದ್ದಿರಿ. ಮಾಡುತ್ತದೆ. ಗಾಳಿ 5 ಡಿಗ್ರಿಗಿಂತ ಕೆಳಗೆ ಹೋದರೆ ಗಾಳಿಯಿಂದ ಶಾಖ ಎಳೆದುಕೊಳ್ಳುವ ಹೊರಗಿನ ಕಾಯಿಲಿನ ಮೇಲೆ (ಟ್ಯಾಂಕಿನೊಳಗಿನದಲ್ಲ) ಮಂಜು ಕಟ್ಟುತ್ತದೆ, ಅದನ್ನು ಕರಗಿಸಿಕೊಳ್ಳಲು ಆಗಾಗ ನಿಲ್ಲುತ್ತದೆ, ಸಿಒಪಿ 2ರ ಹತ್ತಿರ ಇಳಿಯುತ್ತದೆ. ಆಗಲೂ ಸಾದಾ ಗೀಸರಿನ ಅರ್ಧ ಕರೆಂಟ್ ಅಷ್ಟೇ.

ರಿಪೇರಿ: ನಾಲ್ಕನೇ ವರ್ಷ ಫ್ಯಾನ್ ಮೋಟರ್ ಹೋಯಿತು. ಬಿಡಿಭಾಗ ಬರಲು ಮೂರು ವಾರ ಹಿಡಿಯಿತು, ಅಷ್ಟು ದಿನ ಒಳಗಿನ ಕಾಯಿಲೇ ನಮ್ಮನ್ನು ಕಾಪಾಡಿತು. ಖರ್ಚು ಅರ್ಧ ವರ್ಷದ ಉಳಿತಾಯದಷ್ಟು. ಹಾಗಾಗಿ ನೀವು ಲೆಕ್ಕ ಹಾಕುವಾಗ ಬಂದ ವರ್ಷಕ್ಕೆ ಒಂದು ವರ್ಷ ಸೇರಿಸಿಕೊಳ್ಳಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರು ಬಂದು ಹಾಕುತ್ತಾರೆ ಎನ್ನುವುದನ್ನು ಕೊಳ್ಳುವ ಮುಂಚೆಯೇ ಕೇಳಿ.

ಆನೋಡ್ ರಾಡ್ ಮರೆಯಬೇಡಿ. ಟ್ಯಾಂಕಿನ ಬದಲು ತಾನು ಸವೆದುಹೋಗಲಿ ಎಂದು ಇಟ್ಟಿರುವ ಮೆಗ್ನೀಸಿಯಂ ಕಂಬಿ ಅದು. ಮೂರನೇ ವರ್ಷ ಬಿಚ್ಚಿಸಿದಾಗ ನಾನೇ ಕೈಯಲ್ಲಿ ಹಿಡಿದು ನೋಡಿದೆ. ಹೆಬ್ಬೆರಳು ದಪ್ಪ ಇದ್ದದ್ದು ಮಧ್ಯದ ತಂತಿ ಕಾಣುವಷ್ಟು ಸವೆದಿತ್ತು, ಮೇಲೆಲ್ಲ ಬಿಳಿ ಹೊಪ್ಪಳೆ, ಉಗುರು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತಿತ್ತು. ನಿಮ್ಮ ಹಳೆಯ ಗೀಸರಿಗೆ ಆದದ್ದೂ ಬಹುಶಃ ಅದೇ.

ಸ್ಪ್ಯಾನರ್‌ಕೈ:

ಹಾಕುವ ಕೆಲಸ ಮಾಡುವವನು ನಾನು. ಮೇಲಿನವರು ಹೇಳಿದ್ದೆಲ್ಲ ಸರಿ, ಬಿಟ್ಟುಹೋದ ಎರಡು ಮೂರು ಹೇಳುತ್ತೇನೆ.

ಬೆಲೆ ಕೇಳುವಾಗ ಯಂತ್ರದ ಬೆಲೆ ಒಂದೇ ಕೇಳಬೇಡಿ. ತುಂಬಿದ 200 ಲೀಟರ್ ಟ್ಯಾಂಕ್ ಸುಮಾರು 300 ಕೆಜಿ ತೂಗುತ್ತದೆ, ಗೋಡೆಗೆ ನೇತು ಹಾಕುವ ಮಾತೇ ಇಲ್ಲ, ಗಟ್ಟಿ ನೆಲ ಬೇಕು. ಗಾಳಿಯ ತೇವ ನೀರಾಗಿ ಹನಿಯುತ್ತದೆ, ಅದು ಹೋಗಲು ಸಣ್ಣ ಡ್ರೈನ್ ಪೈಪ್ ಬೇಕು. ಸೇಫ್ಟಿ ವಾಲ್ವಿಗೂ ಪೈಪ್ ಬೇಕು. ಇದೆಲ್ಲ ಸೇರಿದ ಮೇಲೆ ಬರುವ ಮೊತ್ತವನ್ನು ಯೂನಿಟ್ ಲೆಕ್ಕಕ್ಕೆ ಹಾಕಿ.

ಯಾರೂ ಯೋಚಿಸದ ವಿಷಯ ಪೈಪಿನದು. ಈಗ ನಿಮ್ಮ ಗೀಸರ್ ಬಚ್ಚಲಿನಲ್ಲೇ ಇದೆ ಅಲ್ವಾ? ನಲ್ಲಿ ತಿರುಗಿಸಿದರೆ ತಕ್ಷಣ ಬಿಸಿ. ಹೀಟ್ ಪಂಪ್ ಮನೆಯ ಇನ್ನೊಂದು ಮೂಲೆಗೆ ಹೋದರೆ ಮಧ್ಯೆ ಹತ್ತು ಹನ್ನೆರಡು ಮೀಟರ್ ಪೈಪ್ ಬರುತ್ತದೆ. ಒಳಗಿನ ಅಗಲ 15 ಮಿಲಿಮೀಟರ್ ಇದ್ದರೆ 12 ಮೀಟರಿನಲ್ಲಿ ಎರಡು ಲೀಟರಿಗೂ ಜಾಸ್ತಿ ನೀರು ನಿಂತಿರುತ್ತದೆ. ಪ್ರತಿ ಸಲ ಆ ಎರಡು ಲೀಟರ್ ತಣ್ಣೀರು ಹರಿದ ಮೇಲೇ ಬಿಸಿ ಬರುವುದು, ನಲ್ಲಿ ಮುಚ್ಚಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಆರುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ ಕೈ ತೊಳೆಯಲು ತಿರುಗಿಸಿದರೆ ಎಷ್ಟಾಯಿತು ನೋಡಿ. ಬಚ್ಚಲಿಗೆ ಹತ್ತಿರದ ಜಾಗ ಹುಡುಕಿ, ಪೈಪಿಗೆ ಫೋಮ್ ಸುತ್ತಿಸಿ. ಸದ್ದೂ ನೆನಪಿರಲಿ, 50 ಡೆಸಿಬಲ್ ಆಸುಪಾಸು ಇರುತ್ತದೆ, ಮಲಗುವ ಕೋಣೆಯ ಗೋಡೆಗೆ ಒತ್ತಿ ಇಡಬೇಡಿ.

ಉಳಿತಾಯಕ್ಕೆಂದು ಕೆಲವರು ಥರ್ಮೋಸ್ಟಾಟನ್ನು 45ಕ್ಕೆ ಇಳಿಸುತ್ತಾರೆ. ದಯವಿಟ್ಟು ಬೇಡ. ಲೀಜಿಯೊನೆಲ್ಲಾ ಎನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲೇ ಬೆಳೆಯುವುದು, ವಯಸ್ಸಾದವರಿಗೆ ನ್ಯುಮೋನಿಯಾ ತರುತ್ತದೆ. ದಿನಾ 55ರಲ್ಲಿ ಇಡಿ, ವಾರಕ್ಕೊಮ್ಮೆ 60ಕ್ಕೆ ಏರುವ ಸೆಟ್ಟಿಂಗ್ ಇದ್ದರೆ ಆನ್ ಇರಲಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮನೆಯಲ್ಲಿ ಹಿರಿಯರೂ ಮಕ್ಕಳೂ ಇದ್ದಾರೆ, ಟ್ಯಾಂಕಿನಿಂದ ಹೊರಡುವ ಜಾಗದಲ್ಲಿ ತಣ್ಣೀರು ಬೆರೆಸಿ ಸುಡದ ಹದಕ್ಕೆ ತರುವ ಒಂದು ಮಿಕ್ಸಿಂಗ್ ವಾಲ್ವ್ ಹಾಕಿಸಲೇಬೇಕು.

ಬೆಳಗಿನಬಿಸಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಅಳೆದು ಬಂದಿದ್ದೇನೆ.

ಮೊದಲ ವಾರ 44 ಯೂನಿಟ್. ಈಗ ಚಳಿಗಾಲ, ವರ್ಷದಲ್ಲೇ ಜಾಸ್ತಿ ಬಿಸಿನೀರು ಹೋಗುವ ಕಾಲ. ಅಳೆಯುವಾಗಲೇ ಇನ್ನೊಂದು ಅನುಮಾನ ಬಂತು. ಶವರ್ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಫೋನಿನಲ್ಲಿ ಸಮಯ ನೋಡಿದೆ. 43 ಸೆಕೆಂಡಿಗೆ ತುಂಬಿತು, ಅಂದರೆ ನಿಮಿಷಕ್ಕೆ 14 ಲೀಟರ್! ಕಡಿಮೆ ನೀರು ಬಿಡುವ ಶವರ್ ತಲೆ ತಂದು ಹಾಕಿಸಿದೆ. ಅದೇ ಬಕೆಟ್ ತುಂಬಲು 75 ಸೆಕೆಂಡ್ ಬೇಕಾಯಿತು. ಮಕ್ಕಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಅತ್ತೆಗೆ ಮಾತ್ರ ಮೊದಲ ದಿನ ಸ್ವಲ್ಪ ಸಣ್ಣ ಧಾರೆ ಅನ್ನಿಸಿತು. ಎರಡನೇ ವಾರ 33 ಯೂನಿಟ್.

ಸಾದಾ ಗೀಸರಿಗಿಂತ ಜಾಸ್ತಿ ಕೊಡಬೇಕಾದದ್ದು, ಹಾಕಿಸುವ ಖರ್ಚೂ ಸೇರಿ, ನಮ್ಮ ಮೇಲಿನ ಸ್ಲ್ಯಾಬಿನ ದರದಲ್ಲಿ 6,900 ಯೂನಿಟ್ ಆಗುತ್ತದೆ. ಈಗ ಏನು ಮಾಡಲಿ?

ಯೂನಿಟ್‌ಲೆಕ್ಕ:

ಬಕೆಟ್ ಇಟ್ಟು ಅಳೆದದ್ದು ಬಹಳ ಒಳ್ಳೆಯ ಕೆಲಸ. ಅದರಿಂದಲೇ ಲೆಕ್ಕ ಬದಲಾಗಿದೆ, ನೋಡಿ.

ಟ್ಯಾಂಕ್ ಆರುವುದು, ಪೈಪ್, ಚಳಿ ಎಲ್ಲ ಸೇರಿ ಸಿಒಪಿ 2.5 ಎಂದೇ ಹಿಡಿಯುತ್ತೇನೆ. ಚಳಿಗಾಲದ ಅಳತೆ ಆದ್ದರಿಂದ ವರ್ಷದ ಸರಾಸರಿಗೆ ಮುಕ್ಕಾಲು ಹಾಕುತ್ತೇನೆ. ವಾರಕ್ಕೆ 44 ಇದ್ದಾಗ ವರ್ಷಕ್ಕೆ ಸುಮಾರು 1,030 ಉಳಿಯುತ್ತಿತ್ತು, ಆರೂಮುಕ್ಕಾಲು ವರ್ಷದಲ್ಲಿ ದುಡ್ಡು ವಾಪಸ್. 33ಕ್ಕೆ ಇಳಿದ ಮೇಲೆ ಉಳಿಯುವುದು 770, ಒಂಬತ್ತು ವರ್ಷ ಬೇಕು. ಹೀಟ್ ಪಂಪ್ ಕೆಟ್ಟದಾಯಿತು ಎಂದಲ್ಲ. ಬಿಸಿನೀರಿಗೆ ಹೋಗುತ್ತಿದ್ದ ಕರೆಂಟಿನಲ್ಲಿ ವರ್ಷಕ್ಕೆ 430 ಯೂನಿಟ್ಟನ್ನು ಶವರ್ ತಲೆಯೇ ಉಳಿಸಿಬಿಟ್ಟಿದೆ, ಅದೂ ಏನೂ ಅಲ್ಲದ ಖರ್ಚಿನಲ್ಲಿ.

ಆದರೆ ನಿಮಗೆ ಈಗ 200 ಲೀಟರ್ ಯಾಕೆ? 33 ಯೂನಿಟ್ಟಿನಲ್ಲಿ ಗೀಸರ್ ಸುಮ್ನೆ ಆರಿಸಿಕೊಂಡದ್ದನ್ನು ಕಳೆದರೆ, ನೀವು ದಿನಕ್ಕೆ ಬಳಸುವ 55 ಡಿಗ್ರಿ ನೀರು 90ರಿಂದ 100 ಲೀಟರ್ ಅಷ್ಟೇ. ಸ್ನಾನಕ್ಕೆ ತಣ್ಣೀರು ಬೆರೆಸುತ್ತೀರಲ್ವಾ. 150 ಲೀಟರ್ ಧಾರಾಳ, ಸಂಜೆ ಅತ್ತೆಯವರಿಗೂ ಮಿಗುತ್ತದೆ. ಅದರ ಬೆಲೆ ಕೇಳಿ. ಏಳು ವರ್ಷದೊಳಗೆ ಬಂದರೆ ತೆಗೆದುಕೊಳ್ಳಿ, ಹತ್ತರ ಹತ್ತಿರ ಹೋದರೆ ಬೇಡ. ಎರಡು ಮಾಡೆಲ್ ಸಮ ಇದ್ದರೆ, ಯಂತ್ರದೊಳಗೆ ಸುತ್ತುತ್ತಾ ಶಾಖ ಹೊರುವ ಗ್ಯಾಸ್ ಆರ್290 ಇರುವುದನ್ನು ನೋಡಿ. ಅದು ಪ್ರೊಪೇನ್. ಸೋರಿಹೋದರೂ ಭೂಮಿಯನ್ನು ಬಿಸಿ ಮಾಡುವುದು ತೀರಾ ಕಡಿಮೆ, ಹಳೆಯ ಆರ್134ಎ ಗ್ಯಾಸ್ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಜಾಸ್ತಿ ಪಟ್ಟು ಬಿಸಿ ಮಾಡುತ್ತದೆ. ಪ್ರೊಪೇನ್ ಹೊತ್ತಿಕೊಳ್ಳುವ ಗ್ಯಾಸ್ ಆದ್ದರಿಂದ ತಯಾರಕರು ಹೇಳಿದ ಜಾಗ, ಗಾಳಿಯ ಅಳತೆ ತಪ್ಪಿಸಬೇಡಿ.

ಬೆಳಗಿನಬಿಸಿ:

ಕೇಳಿದೆ. 150 ಲೀಟರಿಗೆ ಎಲ್ಲ ಸೇರಿ ಜಾಸ್ತಿ ಬೀಳುವುದು 4,800 ಯೂನಿಟ್. 770ರಿಂದ ಭಾಗಿಸಿದರೆ ಆರೂಕಾಲು ವರ್ಷ, ರಿಪೇರಿಗೆ ಒಂದು ವರ್ಷ ಸೇರಿಸಿದರೂ ಏಳೂಕಾಲು. ನೀವು ಹಾಕಿದ ಗೆರೆ ಸ್ವಲ್ಪ ದಾಟುತ್ತದೆ, ಆದರೂ ಮನೆಯಲ್ಲಿ ಮಾತಾಡಿ ತರುವುದೆಂದು ತೀರ್ಮಾನಿಸಿದೆವು. ಮಕ್ಕಳು ದೊಡ್ಡವರಾದ ಹಾಗೆ ನೀರಿನ ಖರ್ಚು ಜಾಸ್ತಿಯೇ ಆಗುತ್ತದೆ. ಬಚ್ಚಲಿನ ಹಿಂದಿನ ಹೊರಗೋಡೆಗೆ ಮಾಡಿನ ಕೆಳಗೆ ಜಾಗ ಇದೆ, ಪೈಪ್ ಮೂರು ಮೀಟರ್ ಸಾಕು. ಸ್ಪ್ಯಾನರ್‌ಕೈ ಅವರೇ, ಮಿಕ್ಸಿಂಗ್ ವಾಲ್ವ್ ಬರೆದುಕೊಂಡಿದ್ದೇನೆ. ಜಾಗ ಅಳೆಯುವಾಗ ಇನ್ನೇನಾದರೂ ನೋಡಬೇಕಾ?

ಸ್ಪ್ಯಾನರ್‌ಕೈ:

ಒಳ್ಳೆಯ ಜಾಗ. ಅಳೆಯುವಾಗ ಟ್ಯಾಂಕಿನ ಎತ್ತರ ಒಂದೇ ಅಳೆಯಬೇಡಿ. ಆನೋಡ್ ರಾಡ್ ಎಲ್ಲಿಂದ ಬಿಚ್ಚುವುದು ಎಂದು ಕೇಳಿ. ಮೇಲಿನಿಂದ ಆದರೆ, ಉದ್ದದ ಕಂಬಿ ಪೂರ್ತಿ ಹೊರಗೆ ಎಳೆಯುವಷ್ಟು ಜಾಗ ಟ್ಯಾಂಕಿಗೂ ಮಾಡಿಗೂ ಮಧ್ಯೆ ಇರಬೇಕು. ಇಲ್ಲದಿದ್ದರೆ ಮೂರು ವರ್ಷಕ್ಕೊಮ್ಮೆ ಇಡೀ ಟ್ಯಾಂಕ್ ಖಾಲಿ ಮಾಡಿ ವಾಲಿಸಬೇಕಾಗುತ್ತದೆ. ಅಷ್ಟು ಜಾಗ ಸಿಗದಿದ್ದರೆ ತುಂಡು ತುಂಡಾಗಿ ಮಡಚುವ ಆನೋಡ್ ಸಿಗುತ್ತದೆ, ಟ್ಯಾಂಕ್ ತರುವಾಗಲೇ ಅದನ್ನೂ ತರಿಸಿಕೊಳ್ಳಿ. ತಣ್ಣನೆಯ ಗಾಳಿ ಬರುವ ಬದಿ ಪಕ್ಕದ ಮನೆಯ ಕಿಟಕಿಗೆ ಎದುರಾಗದಂತೆ ತಿರುಗಿಸಿ ಇಡಿಸಿ.